ಹದಿಮೂರರ ಮುಳ್ಳು

ಮಗುವಿನ ತೂಕ ಎಷ್ಟು ಎಂದು ಕೇಳಿದ ಮೆಕ್ಯಾನಿಕನನ್ನು ಸುರಕ್ಷಾ ಅಲ್ಲಿಯವರೆಗೆ ಕಂಡಿರಲಿಲ್ಲ.

"ತೂಕವಾ?" ಎಂದಳು.

"ಹೌದು ಅಕ್ಕ. ನಿಮ್ಮ ಹಿಂದೆ ಕೂರುದು ಮಗು ಅಲ್ವಾ? ಎಷ್ಟು ಕಿಲೋ ಉಂಟು?"

ಹದಿನೇಳು ಕಿಲೋ ಇನ್ನೂರು ಗ್ರಾಂ. ಅದು ಅವಳ ನಾಲಗೆಯ ತುದಿಯಲ್ಲೇ ಇತ್ತು. ಮನ್ವಿ ಹುಟ್ಟಿದಾಗಿನಿಂದ ಪ್ರತಿ ತಿಂಗಳ ಒಂದನೇ ತಾರೀಕು ಅವಳು ತೂಕ ಬರೆದಿಡುತ್ತ ಬಂದಿದ್ದಳು, ಅದನ್ನೂ ಸೇರಿಸಿಯೇ ಅವನಿಗೆ ಹೇಳಿದಳು. ಐದು ವರ್ಷದ ಹುಡುಗಿಗೆ ಇದು ಕಡಿಮೆಯೋ ಸರಿಯೋ ಎಂದು ಎಷ್ಟು ಡಾಕ್ಟರರನ್ನು ಕೇಳಿದ್ದಳೋ ಲೆಕ್ಕವಿಲ್ಲ. ಮೆಕ್ಯಾನಿಕ್ ಫಯಾಝ್ ತಲೆಯಾಡಿಸಿ, ಪಕ್ಕದ ದಿನಸಿ ಅಂಗಡಿಗೆ ಹೋಗಿ, ಒಂದು ಗೋಣಿಗೆ ಹದಿನೇಳು ಕಿಲೋ ದನದ ಹಿಂಡಿ ತೂಗಿಸಿ ತಂದ. ಅದನ್ನು ಅವಳ ನಾಲ್ಕು ಚಕ್ರದ ಗಾಡಿಯ, ಎಟಿವಿಯ, ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕಟ್ಟಿದ. ಗೋಣಿಯ ಕಿವಿಯನ್ನು ಎರಡು ಸಲ ಎಳೆದು ನೋಡಿದ. ಆಮೇಲೆ, ಮರೆತುಹೋಗಿದ್ದು ನೆನಪಾದವನಂತೆ, ಇನ್ನೂರು ಗ್ರಾಮಿನ ಲೆಕ್ಕಕ್ಕೆ ಒಂದು ಸ್ಪಾನರನ್ನೂ ಅದರೊಳಗೆ ತುರುಕಿದ.

ಏಪ್ರಿಲ್ ಕೊನೆಯ ಆ ದಿನ ಕುಂಬ್ರದ ಗ್ಯಾರೇಜಿನ ಮುಂದೆ ನಿಂತು ಸುರಕ್ಷಾ ಮೊದಲ ಬಾರಿಗೆ ಆ ಗಾಡಿಯ ಬಗ್ಗೆ ಒಂದು ಗಳಿಗೆ ನೆಮ್ಮದಿ ಪಟ್ಟಳು.

ಗಾಡಿ ತಂದದ್ದು ಅವಳ ಗಂಡ ಉಲ್ಲಾಸ್. ಆಲೆಟ್ಟಿಯ ಅವರ ಮನೆ ಗುಡ್ಡದ ಮೇಲೆ, ರಬ್ಬರ್ ತೋಟದ ತಲೆಯಲ್ಲಿ. ಕೆಳಗಿನ ಡಾಂಬರು ರಸ್ತೆಯಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ಏರು. ಹಿಂದಿನ ಮಳೆಗಾಲದಲ್ಲಿ ನಡುವಿನ ತಿರುವಿನಲ್ಲಿ ಬದಿಯ ಮಣ್ಣಿನ ಬರೆ ಜರಿದು ದಾರಿ ಅರ್ಧ ಆಗಿಹೋಯಿತು. ಜೀಪು ಹಿಡಿಸುವುದಿಲ್ಲ, ಸ್ಕೂಟರು ಜೇಡಿಯಲ್ಲಿ ಜಾರುತ್ತದೆ. ಬೈಕಿನಂತೆ ಹ್ಯಾಂಡಲ್, ನಾಲ್ಕು ದಪ್ಪ ಚಕ್ರ ಇರುವ ಈ ಸ್ಪೋರ್ಟ್ ಎಟಿವಿಯೇ ಸರಿ ಎಂದು ಪೆರಾಬೆಯ ವಿಷ್ಣುಪ್ರಸಾದ್ ಎಂಬವರಿಂದ ಉಲ್ಲಾಸ್ ಹಳತನ್ನು ಕೊಂಡ. ಇಬ್ಬರು ಕೂರುವ ಉದ್ದ ಸೀಟು. ವಿಷ್ಣುಪ್ರಸಾದ್ ಅದನ್ನು ಕೆಸರಿನ ರೇಸಿಗೆ ಓಡಿಸುತ್ತಿದ್ದವರು. ಕಂಪೆನಿಯ ಸೈಲೆನ್ಸರ್ ತೆಗೆದು ಹೊರಗಿನದು ಹಾಕಿಸಿದ್ದರು, ಗಾಳಿ ಹೋಗುವ ಪೆಟ್ಟಿಗೆ ಕಿತ್ತು ಬರಿ ಫಿಲ್ಟರ್ ಇಟ್ಟಿದ್ದರು. ಮನೆಗೆ ಬಂದ ದಿನದಿಂದ ಅದು ಇಳಿಜಾರಿನಲ್ಲಿ ಪಟಾಕಿಯಂತೆ ಸಿಡಿಯುತ್ತಿತ್ತು, ಏರಿನಲ್ಲಿ ಕಾದು ಕೆಂಪಾಗುತ್ತಿತ್ತು. ಮನ್ವಿಗೆ ಅದೊಂದು ಖುಷಿ. ಸುರಕ್ಷಾ ಪ್ರತಿ ಸಿಡಿತಕ್ಕೂ ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಮೈಸೂರಿನಲ್ಲಿ ಬೆಳೆದು, ಅಲ್ಲೇ ಓದಿ, ಬಸ್ಸು ಮನೆ ಬಾಗಿಲಿಗೇ ಬರುತ್ತಿದ್ದ ಬೀದಿಯಿಂದ ಬಂದವಳು ಅವಳು. ಉಲ್ಲಾಸ್ ಬೆಳಿಗ್ಗೆ ಏಳಕ್ಕೆ ಕಡಬದ ಸರ್ವೆ ಆಫೀಸಿಗೆ ಹೊರಟರೆ ಬರುವುದು ಸಂಜೆ. ಜೂನ್ ಒಂದಕ್ಕೆ ಮನ್ವಿಯ ಶಾಲೆ ಶುರು. ಶಾಲೆಯ ವ್ಯಾನು ಡಾಂಬರು ರಸ್ತೆಯವರೆಗೆ ಮಾತ್ರ ಬರುವುದು. ಬೆಳಿಗ್ಗೆ ಇಳಿಸಿ, ಮಧ್ಯಾಹ್ನ ಹತ್ತಿಸಬೇಕಾದವಳು ತಾನು. ಆ ಗಾಡಿ ನಂಬಿಕೆಗೆ ಬಾರದಿದ್ದರೆ ಮಳೆಗಾಲದ ನಾಲ್ಕು ತಿಂಗಳು ಮಗುವನ್ನು ಕಟ್ಟಿಕೊಂಡು ಸುಳ್ಯದಲ್ಲಿ ಒಂದು ಕೋಣೆ ಮಾಡುವುದು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಕೋಣೆಯ ಬೀಗದ ಕೈ ಆಗಲೇ ಅಡಿಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು. ಅತ್ತೆ ಲೋಲಾಕ್ಷಿ ಅಲ್ಲಿಂದ ಸಾರಿನ ಸೌಟು ತೆಗೆಯುವಾಗಲೆಲ್ಲ ಬೀಗದ ಕೈ ತಾಗದ ಹಾಗೆ ಕೈ ಸುತ್ತಿಸಿ ತೆಗೆಯುತ್ತಿದ್ದರು.

ಇದಿಷ್ಟನ್ನೂ ಉಲ್ಲಾಸ್ ಫಯಾಝಿಗೆ ಮೊದಲ ದಿನವೇ ಹೇಳಿಬಿಟ್ಟಿದ್ದ. "ಇದು ಏರು ಹತ್ತದಿದ್ರೆ ನನ್ನ ಹೆಂಡತಿ ಮಗು ಸುಳ್ಯಕ್ಕೆ ಹೋಗ್ತಾರೆ ಮಾರಾಯ."

"ಒಂದು ಸೈಲೆನ್ಸರಿಗೆ ಅಷ್ಟು ದೊಡ್ಡ ಸಂಸಾರ ಕಟ್ಟಿ ಹಾಕಿದ್ದೀರಾ?" ಎಂದು ಫಯಾಝ್ ನಕ್ಕಿದ್ದ. ಮರುಗಳಿಗೆಯೇ ನಗು ನಿಲ್ಲಿಸಿ ಗಾಡಿಯ ಸುತ್ತ ಒಂದು ಸುತ್ತು ಬಂದಿದ್ದ.

ಕುಂಬ್ರದಲ್ಲಿ ಫಯಾಝಿನ ಗ್ಯಾರೇಜು ಎಂದರೆ ಎರಡು ಶಟರು, ಒಂದು ತಗಡಿನ ಮಾಡು. ಹೊರಗೆ ಯಾವತ್ತೂ ಹತ್ತು ಹನ್ನೆರಡು ಹುಲ್ಲು ಕತ್ತರಿಸುವ ಯಂತ್ರಗಳು, ಅಡಿಕೆಗೆ ಮದ್ದು ಬಿಡುವ ಪಂಪುಗಳು ಸಾಲಾಗಿ ಬಿದ್ದಿರುತ್ತವೆ. ಅವನ ತಂದೆ ಜನ ಸಾಗಿಸುವ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಹತ್ತನೇ ಕ್ಲಾಸು ಮುಗಿಸಿ ಆ ಜೀಪಿನ ಅಡಿಗೆ ಮಲಗಿದವನು ಎದ್ದದ್ದು ಇಪ್ಪತ್ತಮೂರನೇ ವಯಸ್ಸಿಗೆ, ಪಾಸ್‌ಪೋರ್ಟ್ ಬಂದಾಗ. ಗಲ್ಫಿನಲ್ಲಿ ಅವನಿಗೆ ಸಿಕ್ಕಿದ್ದು ಅಂಗಡಿಯ ಕೆಲಸವಲ್ಲ, ಹೋಟೆಲಿನದ್ದೂ ಅಲ್ಲ. ಮರುಭೂಮಿಯ ನಡುವೆ ಪ್ರವಾಸಿಗಳಿಗೆ ಎಟಿವಿ ಬಾಡಿಗೆಗೆ ಕೊಡುವ ಒಂದು ಕ್ಯಾಂಪು. ನಲವತ್ತು ಗಾಡಿ, ಸುತ್ತ ಮರಳು, ಮಧ್ಯಾಹ್ನ ಮುಟ್ಟಿದರೆ ಚರ್ಮ ಏಳುವ ಸ್ಪಾನರು. ಬಂದವರೆಲ್ಲ ಗಾಡಿಗೆ ಜೋರು ಸದ್ದು ಬೇಕು, ಜೋರು ಓಟ ಬೇಕು ಅನ್ನುವವರೇ. ಸೈಲೆನ್ಸರ್ ಬದಲಿಸುವುದು, ಬದಲಿಸಿದ ಮೇಲೆ ಪೆಟ್ರೋಲಿನ ಲೆಕ್ಕ ಸರಿ ಮಾಡುವುದು, ಇದೇ ಅವನ ಹನ್ನೊಂದು ವರ್ಷ.

ಕ್ಯಾಂಪು ಮುಚ್ಚಿದಾಗ ಊರಿಗೆ ಬಂದ. ತಾಯಿ ಮೈಮೂನಮ್ಮ ಪೆಟ್ಟಿಗೆ ತೆರೆದರು. ಅತ್ತರಿಲ್ಲ, ಕಂಬಳಿಯಿಲ್ಲ. ಹಳೆ ಲ್ಯಾಪ್‌ಟಾಪು, ವಯರಿನ ಗಂಟು, ಒಂದು ದುಂಡು ಮೀಟರು, ಅದಕ್ಕೆ ಅಂಟಿಕೊಂಡ ಬೆರಳುದ್ದದ ಕಬ್ಬಿಣದ ತುಂಡು.

"ಇದೆಂತದು ಮಗಾ?" ಎಂದು ಕೇಳಿದರಂತೆ ಮೈಮೂನಮ್ಮ.

"ಇದು ಹೊಗೆ ಮೂಸಿ ನೋಡುದು ಉಮ್ಮ."

"ಹೊಗೆ ಮೂಸಿ ನೋಡಲಿಕ್ಕೆ ಹನ್ನೊಂದು ವರ್ಷ ಹೋಗ್ಬೇಕಿತ್ತಾ? ನಮ್ಮ ಬಚ್ಚಲ ಒಲೆಯ ಹತ್ತಿರ ಕೂತಿದ್ರೆ ಸಾಕಿತ್ತು."

ಈ ಮಾತನ್ನು ಸುರಕ್ಷಾಳಿಗೆ ಹೇಳಿದ್ದು ಫಯಾಝಿನ ಹೆಂಡತಿ ಸಫೂರಾ. ಗ್ಯಾರೇಜಿನ ಒಂದು ಮೂಲೆಯಲ್ಲಿ ಅವಳ ಮೇಜು. ಫಯಾಝಿನ ಅಕ್ಷರ ಅವನಿಗೇ ಓದಲು ಬರುವುದಿಲ್ಲ, ಹಾಗಾಗಿ ಯಾವ ಗಾಡಿಗೆ ಎಂತ ಮಾಡಿದ್ದು ಎಂದು ಬರೆದಿಡುವುದು ಅವಳು. ಉದ್ದದ ಪುಸ್ತಕ, ನೀಲಿ ಶಾಯಿ, ಗುಂಡು ಅಕ್ಷರ. ಮನ್ವಿಗೆ ಬಿಸ್ಕತ್ತು ಕೊಟ್ಟು, ಸುರಕ್ಷಾಳಿಗೆ ಕುರ್ಚಿ ಎಳೆದು ಕೊಟ್ಟು, "ನೀವು ಗಾಬರಿ ಮಾಡ್ಬೇಡಿ. ಅವರಿಗೆ ಮುಳ್ಳು ಹದಿಮೂರಕ್ಕೆ ನಿಲ್ಲದಿದ್ರೆ ಊಟ ಇಳಿಯುದಿಲ್ಲ" ಎಂದಿದ್ದಳು.

ಮುಳ್ಳು, ಹದಿಮೂರು. ಅದನ್ನು ಫಯಾಝೇ ಬಿಡಿಸಿ ಹೇಳಿದ.

"ನೋಡಿ ಅಕ್ಕ, ಎಂಜಿನು ಉಸಿರು ತೆಗೀತದೆ, ಪೆಟ್ರೋಲು ಕುಡೀತದೆ. ಪೆರಾಬೆಯವರು ಇದರ ಮೂಗು ದೊಡ್ಡದು ಮಾಡಿ ಬಿಟ್ಟಿದ್ದಾರೆ. ಗಾಳಿ ಜಾಸ್ತಿ ಹೋಗ್ತದೆ. ಆದ್ರೆ ಪೆಟ್ರೋಲು ಬಡಿಸುವ ಒಳಗಿನ ಕಂಪ್ಯೂಟರಿಗೆ ಅದು ಯಾರೂ ಹೇಳ್ಲಿಲ್ಲ. ಅದು ಪಾಪ, ಹಳೆ ಲೆಕ್ಕದಲ್ಲೇ ಬಡಿಸ್ತಾ ಉಂಟು. ಹೊಟ್ಟೆಗೆ ಸಾಲದೆ ಇದು ಸಿಡಿಯುದು, ಕಾಯುದು."

"ಅದಕ್ಕೆ?"

"ಅದಕ್ಕೆ ನಡುವೆ ಒಂದು ಸಣ್ಣ ಪೆಟ್ಟಿಗೆ ಕೂರಿಸುದು. 'ಇನ್ನು ಸ್ವಲ್ಪ ಬಡಿಸು' ಅಂತ ಹೇಳ್ಲಿಕ್ಕೆ. ಎಷ್ಟು ಅಂತ ಈ ಮೀಟರು ಹೇಳ್ತದೆ. ಏರಿನಲ್ಲಿ ಎಳೆಯುವಾಗ ಒಂದು ಪಾಲು ಪೆಟ್ರೋಲಿಗೆ ಹದಿಮೂರು ಪಾಲು ಗಾಳಿ. ಮುಳ್ಳು ಹದಿನೈದಕ್ಕೆ ಹೋದ್ರೆ ಪೆಟ್ರೋಲು ಸಾಲದು. ಹತ್ತಕ್ಕೆ ಇಳಿದ್ರೆ ಹೆಚ್ಚಾಯ್ತು, ಕುಡಿದು ಮುಳುಗ್ತದೆ."

ಕುಂಬ್ರದ ಹಿಂದೆ ಕೆಂಪುಕಲ್ಲಿನ ಹಳೆ ಕೋರೆಗೆ ಹೋಗುವ ಒಂದು ಏರು ಉಂಟು. ಹಿಂಡಿಯ ಗೋಣಿಯನ್ನು ಹೊತ್ತ ಎಟಿವಿಯನ್ನು ಫಯಾಝ್ ಆ ಏರಿನಲ್ಲಿ ಹನ್ನೊಂದು ಸಲ ಹತ್ತಿಸಿದ. ಪ್ರತಿ ಸಲ ಇಳಿದು ಬಂದು ಲ್ಯಾಪ್‌ಟಾಪಿನಲ್ಲಿ ಒಂದೊಂದು ಅಂಕಿ ತಿದ್ದಿದ. ಹನ್ನೆರಡನೇ ಸಲ ಸುರಕ್ಷಾಳನ್ನೇ ಓಡಿಸಲು ಹೇಳಿದ. ಮುಳ್ಳು ಹದಿಮೂರರ ಮೇಲೆ ಅಲುಗಾಡದೆ ನಿಂತಿತು. ಸಫೂರಾ ಪುಸ್ತಕದಲ್ಲಿ 'ಆಲೆಟ್ಟಿ - ಒಂದು' ಎಂದು ಬರೆದಳು. ರಸ್ತೆಯಲ್ಲಿ ಓಡಿಸುವ ಗಾಡಿಯಲ್ಲವಾದ್ದರಿಂದ ಅದನ್ನು ಪಿಕಪ್ಪಿಗೆ ಹತ್ತಿಸಿ ಕಳಿಸಿದರು.

ಎರಡು ವಾರ ಗಾಡಿ ಚೆನ್ನಾಗಿತ್ತು.

ಮೇ ನಡುವಿನಲ್ಲಿ ಮಳೆ ಹನಿಯತೊಡಗಿತು. ಮಾವ ಮಾಯಿಲಪ್ಪ ಆಗ ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ ಕಟ್ಟುವ ಗಡಿಬಿಡಿಯಲ್ಲಿದ್ದರು. ಮಳೆನೀರು ಹಾಲಿನ ಗೀರಿಗೆ ಇಳಿಯದ ಹಾಗೆ ಪ್ರತಿ ಮರದ ಸುತ್ತ ಲಂಗದಂತೆ ಒಂದೊಂದು ಪ್ಲಾಸ್ಟಿಕ್ ನೆರಿಗೆ ಹಿಡಿದು, ಅಂಟು ಬಳಿದು ಕಟ್ಟುವುದು ಇಲ್ಲಿಯ ಕ್ರಮ. ಮುನ್ನೂರ ಎಂಬತ್ತು ಮರ. ಎಪ್ಪತ್ತರ ಹತ್ತಿರ ಬಂದರೂ ಆ ಕೆಲಸ ಅವರು ಬೇರೆಯವರಿಗೆ ಬಿಡುವವರಲ್ಲ. ಆ ದಿನ ಸುರಕ್ಷಾ ಎಟಿವಿಯ ಸೀಟು ಎತ್ತಿ ನೋಡುತ್ತ ನಿಂತಿದ್ದಳು. ಕೆಳಗೆ ಆ ಬರಿ ಫಿಲ್ಟರು. ಮೇಲಿನಿಂದ ಸೀಟಿನ ಸಂದಿಯಲ್ಲಿ ನೀರು ಇಳಿಯುತ್ತಿತ್ತು.

"ಮಾವ, ಇದಕ್ಕೆ ನೀರು ಹೋದರೆ ಎಂಜಿನ್ ಹೋಗ್ತದಂತೆ. ನಾನು ಓದಿದ್ದೇನೆ."

"ಹೋಗದ ಹಾಗೆ ಮಾಡಿದ್ರಾಯ್ತು" ಎಂದರು ಮಾಯಿಲಪ್ಪ. ಕೈಯಲ್ಲಿದ್ದ ಪ್ಲಾಸ್ಟಿಕ್ಕನ್ನೇ ನೆರಿಗೆ ಹಿಡಿದು, ಫಿಲ್ಟರಿನ ಬುಡಕ್ಕೆ ಒಂದು ದಾರ ಸುತ್ತಿ ಕಟ್ಟಿದರು. ಮರಕ್ಕೆ ಕಟ್ಟಿದಷ್ಟೇ ಚಂದ. "ಮುನ್ನೂರ ಎಂಬತ್ತೊಂದು" ಎಂದರು.

ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ಆ ರಾತ್ರಿ ಮಳೆಯ ಸದ್ದಿಗೂ ಎಚ್ಚರವಾಗಲಿಲ್ಲ.

ಮಾರನೇ ದಿನವೇ ಗಾಡಿ ತಿರುವಿನಲ್ಲಿ ನಿಂತಿತು. ಸುರಕ್ಷಾ ಒಬ್ಬಳೇ ಇದ್ದಳು, ಹಿಂದೆ ತರಕಾರಿ ಚೀಲ. ಬರೆ ಜರಿದ ಜಾಗದಲ್ಲಿ, ಬಲಕ್ಕೆ ಪ್ರಪಾತ ಇರುವಲ್ಲಿ, ಎಕ್ಸಲೇಟರ್ ಪೂರ ಹಿಂಡಿದ್ದಳು. ಎಂಜಿನ್ ಗೊರಗೊರ ಎಂದಿತು, ಕಪ್ಪು ಹೊಗೆ ಉಗುಳಿತು, ಸತ್ತಿತು. ಬ್ರೇಕು ಹಿಡಿಯುವಷ್ಟರಲ್ಲಿ ಗಾಡಿ ಒಂದು ಮೊಳ ಹಿಂದೆ ಜಾರಿತು. ಅಷ್ಟೇ. ಒಂದು ಮೊಳ. ಆದರೆ ಮನೆ ತಲುಪಿದ ಮೇಲೆ ಅವಳು ಹೆಲ್ಮೆಟ್ ಸಹ ತೆಗೆಯದೆ ಅರ್ಧ ಗಂಟೆ ಜಗಲಿಯಲ್ಲಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಟೊಮೆಟೊ ಬದಲು ಮನ್ವಿ ಇದ್ದಿದ್ದರೆ ಎಂಬಲ್ಲಿಂದ ಶುರುವಾದ ಯೋಚನೆ ಎಲ್ಲೆಲ್ಲಿಗೋ ಹೋಗಿ, ಮೊಳೆಯಲ್ಲಿದ್ದ ಬೀಗದ ಕೈಗೆ ಬಂದು ನಿಂತಿತು. ಆಮೇಲೂ ಅವಳು ಒಬ್ಬಳೇ ಓಡಿಸಿದಳು. ತಿರುವು ಬಂದಾಗಲೆಲ್ಲ ಹಲ್ಲು ಕಚ್ಚಿ "ಹೋಗು, ಹೋಗು" ಎಂದು ಗಾಡಿಗೆ ಹೇಳುವುದು ಅಭ್ಯಾಸವಾಯಿತು. ಮನೆಯಂಗಳದಿಂದ ಮನ್ವಿ ಅದನ್ನೇ ಅಣಕಿಸಿ ಕೂಗುತ್ತಿದ್ದಳು.

ಪಿಕಪ್ಪು ಮತ್ತೆ ಕುಂಬ್ರಕ್ಕೆ ಹೋಯಿತು. ಹೋಗುವ ಮೊದಲು ಮಾಯಿಲಪ್ಪ ಸೀಟು ಎತ್ತಿ ಪ್ಲಾಸ್ಟಿಕ್ ಬಿಚ್ಚಿ ಮಡಚಿ ಇಟ್ಟುಕೊಂಡರು. ಗ್ಯಾರೇಜಿನೊಳಗೆ ಮಳೆ ಇಲ್ಲವಲ್ಲ, ಸುಮ್ಮನೆ ಗ್ರೀಸು ಹಿಡಿಸುವುದು ಯಾಕೆ.

ಫಯಾಝ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗೈಯಲ್ಲಿಟ್ಟು ನೋಡಿದ. "ಕರಿಗೋಟು" ಎಂದ. ನೆಲಕ್ಕೆ ಬಿದ್ದು ಕಪ್ಪಾದ ಅಡಿಕೆಗೆ ಹೇಳುವ ಮಾತು ಅದು. ಪ್ಲಗ್ಗು ಹಾಗೇ ಕಪ್ಪಾಗಿತ್ತು. ಪೆಟ್ರೋಲು ಹೆಚ್ಚಾಗಿದೆ ಎಂದು ಅರ್ಥ. ಆದರೆ ಕೋರೆಯ ಏರಿನಲ್ಲಿ ಹತ್ತಿಸಿದರೆ ಮುಳ್ಳು ಸರಿಯಾಗಿ ಹದಿಮೂರು. ಅವನು ತಲೆ ಕೆರೆದುಕೊಂಡ. ಆದರೂ ಪ್ಲಗ್ಗು ಸುಳ್ಳು ಹೇಳುವುದಿಲ್ಲವೆಂದು ಪೆಟ್ರೋಲು ಸ್ವಲ್ಪ ಇಳಿಸಿದ. 'ಆಲೆಟ್ಟಿ - ಎರಡು.'

ಮಳೆ ಬಿಟ್ಟ ಒಂದು ಭಾನುವಾರ ಮಾಯಿಲಪ್ಪನವರು ಪ್ಲಾಸ್ಟಿಕ್ ಒಣಗಲು ಹಾಕಿದ್ದಾಗ ಉಲ್ಲಾಸ್ ಗಾಡಿಯನ್ನು ಗುಡ್ಡವಿಡೀ ಓಡಿಸಿದ. ಅದು ಮೊದಲಿನಂತೆ ಸಿಡಿಯಿತು. ಸೋಮವಾರ ಮಳೆ ಬಂತು, ಪ್ಲಾಸ್ಟಿಕ್ ಕಟ್ಟಿದರು, ಗಾಡಿ ಅದೇ ತಿರುವಿನಲ್ಲಿ ಮತ್ತೆ ನಿಂತಿತು. ಮೂರನೇ ಸಲ ಪಿಕಪ್ಪು ಹತ್ತಿದಾಗ ಡ್ರೈವರ್ ರಾಧಾಕೃಷ್ಣ, "ಇದು ನಡೆದದ್ದಕ್ಕಿಂತ ನನ್ನ ಹೆಗಲ ಮೇಲೆ ಹೋದದ್ದೇ ಜಾಸ್ತಿ" ಎಂದ.

ಮೂರನೇ ಸಲದ್ದನ್ನು ಸುರಕ್ಷಾ ಮರೆಯುವ ಹಾಗಿಲ್ಲ. ಫಯಾಝ್ ನಗಲಿಲ್ಲ. ಗೋಣಿ ಕಟ್ಟಲು ಸಹ ಮರೆತಿದ್ದ. ಒಂದು ಕೈಯಲ್ಲಿ ಪ್ಲಗ್ಗು, ಒಂದು ಕೈಯಲ್ಲಿ ಮೀಟರು.

"ಪ್ಲಗ್ಗು ಹೆಚ್ಚಾಯ್ತು ಅಂತದೆ, ಮೀಟರು ಸಾಲದು ಅಂತದೆ. ನನಗೆ ಗೊತ್ತಾಗುದಿಲ್ಲ ಅಕ್ಕ" ಎಂದ. "ಹನ್ನೊಂದು ವರ್ಷದಲ್ಲಿ ಹೀಗೆ ಆಗ್ಲಿಲ್ಲ. ನೀವು ಸುಳ್ಯಕ್ಕೆ ಹೋಗುದೇ ಒಳ್ಳೆದೋ ಏನೋ. ಗೊತ್ತಿಲ್ಲದ ಗಾಡಿ ಕೊಟ್ಟು, ಮಗುವನ್ನು ಕೂರಿಸಿ ಅಂತ ನಾನು ಹೇಳುದಿಲ್ಲ."

ಅವಳು ಅದನ್ನೇ ಕೇಳಲು ಬಂದಿದ್ದಳೇನೋ. ಆದರೂ ಕೇಳಿದ ಮೇಲೆ ಕಣ್ಣು ತುಂಬಿತು. ಸಫೂರಾ ಪೆನ್ನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಪುಟ ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ ನೋಡಿದಳು.

"ಇದು ಇಲ್ಲಿ ಸರಿ ಇರ್ತದೆ, ಅಲ್ಲಿ ಕೆಡ್ತದೆ" ಎಂದಳು ಗಂಡನಿಗೆ. "ನಮ್ಮ ಮಗಳು ಶಾಲೆಯಲ್ಲಿ ಊಟ ಮಾಡುದಿಲ್ಲ ಅಂತ ಟೀಚರು ಬರೆದು ಕಳಿಸಿದಾಗ ನೀವೆಂತ ಮಾಡಿದ್ರಿ? ಮನೆಯಲ್ಲಿ ಕೂತು ಟಿಫಿನ್ ಬದಲಿಸ್ತಾ ಇದ್ರಿ. ನಾನು ಶಾಲೆಗೆ ಹೋಗಿ ನೋಡಿದ್ದು. ಅವಳ ಡಬ್ಬಿ ಮುಚ್ಚಳ ಅವಳಿಗೆ ತೆಗೀಲಿಕ್ಕೇ ಬರುದಿಲ್ಲ."

ಫಯಾಝ್ ಅವಳ ಮುಖ ನೋಡಿದ.

"ಗಾಡಿ ಇಲ್ಲಿಗೆ ತರಿಸುದು ಸಾಕು. ಅವರ ಮನೆಗೆ ಹೋಗಿ ನೋಡಿ."

ಗಾಡಿ ರಾಧಾಕೃಷ್ಣನ ಪಿಕಪ್ಪಿನಲ್ಲಿ ಮನೆಗೆ ಮರಳಿತು. ಶಾಲೆಗೆ ಮೂರು ದಿನ ಇರುವಾಗ, ಶುಕ್ರವಾರದ ಜುಮಾ ನಮಾಜು ಮುಗಿಸಿ, ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಫಯಾಝ್ ತನ್ನ ಸ್ಕೂಟರಿನಲ್ಲಿ ಆಲೆಟ್ಟಿಗೆ ಬಂದ. ಸ್ಕೂಟರನ್ನು ಕೆಳಗೇ ನಿಲ್ಲಿಸಿ ಏರು ನಡೆದೇ ಹತ್ತಿದ. ತಿರುವಿನಲ್ಲಿ ನಿಂತು ಪ್ರಪಾತವನ್ನು ಒಮ್ಮೆ ಬಗ್ಗಿ ನೋಡಿದ್ದನ್ನು ಸುರಕ್ಷಾ ಅಂಗಳದಿಂದ ಕಂಡಳು. ಮೇಲೆ ಬಂದಾಗ ಅವನ ಮುಖ ಬೇರೆಯೇ ಆಗಿತ್ತು.

"ಅಲ್ಲಿಯಾ ನೀವು ನಿಂತದ್ದು?" ಎಂದು ಮೆಲ್ಲಗೆ ಕೇಳಿದ.

ಲೋಲಾಕ್ಷಿ ಚಹಾ ಕೊಟ್ಟರು, ಬಾಳೆಕಾಯಿ ಚಿಪ್ಸು ಇಟ್ಟರು. ಅವನು ಅರ್ಧ ಚಹಾ ಕುಡಿದು ಎದ್ದ.

"ಅಕ್ಕ, ನೀವು ದಿನಾ ಹೇಗೆ ಹೊರಡ್ತೀರೋ ಹಾಗೇ ಹೊರಡಿ. ನಾನು ಇಲ್ಲಿ ಇಲ್ಲ ಅಂತ ತಿಳ್ಕೊಳ್ಳಿ."

ಹನಿ ಬೀಳುತ್ತಿತ್ತು. ಸುರಕ್ಷಾ ಹೆಲ್ಮೆಟ್ ಹಾಕಿ, ಸೀಟು ಒರೆಸಿ, ಬ್ರೇಕು ಒತ್ತಿ ನೋಡಿದಳು. ಟಯರುಗಳನ್ನು ಒಂದೊಂದಾಗಿ ಮುಟ್ಟಿದಳು. ಪೆಟ್ರೋಲು ನೋಡಿದಳು. ಅಷ್ಟು ಹೊತ್ತಿಗೆ ಮಾಯಿಲಪ್ಪ ದಿನದ ಅಭ್ಯಾಸದಂತೆ ಜಗಲಿಯಿಂದ ಇಳಿದು ಬಂದರು. ಸೀಟು ಎತ್ತಿ, ಮಡಚಿದ ಪ್ಲಾಸ್ಟಿಕ್ ಬಿಡಿಸಿ, ನೆರಿಗೆ ಹಿಡಿದು, ಫಿಲ್ಟರಿಗೆ ದಾರ ಸುತ್ತಿ ಗಂಟು ಹಾಕಿದರು. ಸೀಟು ಮುಚ್ಚಿ ಅದರ ಮೇಲೆ ಕೈಯಿಂದ ಮೆಲ್ಲನೆ ತಟ್ಟಿದರು, ಕರುವಿನ ಬೆನ್ನು ತಟ್ಟಿದ ಹಾಗೆ.

ಫಯಾಝಿನ ಬಾಯಿಯವರೆಗೆ ಹೋಗಿದ್ದ ಚಿಪ್ಸು ಅಲ್ಲೇ ನಿಂತಿತು. ಅವನು ಅದನ್ನು ತಟ್ಟೆಗೇ ಹಾಕಿದ. ಮೀಟರಿನ ತುದಿಯನ್ನು ಸೈಲೆನ್ಸರಿಗೆ ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಕೂತ. "ಹೋಗುವ" ಎಂದ.

ಕೆಳಗಿಳಿದು, ತಿರುಗಿಸಿ, ಹತ್ತತೊಡಗಿದರು. ಅವನು ಹಿಂದಿನಿಂದ ಓದುತ್ತಿದ್ದ. "ಹದಿನಾಲ್ಕು. ಹದಿನಾಲ್ಕು. ಇನ್ನು ಸ್ವಲ್ಪ ಕೊಡಿ. ಹದಿಮೂರು." ತಿರುವು ಬಂತು. ಅವಳು ಹಲ್ಲು ಕಚ್ಚಿ "ಹೋಗು, ಹೋಗು" ಎಂದು ಪೂರ ಹಿಂಡಿದಳು. "ಹನ್ನೆರಡು. ಹನ್ನೊಂದು. ಹತ್ತು. ಬ್ರೇಕು ಹಿಡೀರಿ ಅಕ್ಕ. ಎಂತ ಇಲ್ಲ, ಹಿಡೀರಿ, ನಾನು ಇಳಿದು ಕಲ್ಲು ಇಡ್ತೇನೆ."

ಎಂಜಿನ್ ಸತ್ತಿತು. ಆ ಮೌನದಲ್ಲಿ ಸೀಟಿನಡಿಯಿಂದ ಪರ್ ಎಂದು ಒಂದು ಸಣ್ಣ ಸದ್ದು ಬಂತು, ಅಷ್ಟೇ.

ಫಯಾಝ್ ನಾಲ್ಕೂ ಚಕ್ರಗಳಿಗೆ ಕಲ್ಲು ಕೊಟ್ಟ. ಸೀಟನ್ನು ಪೂರ್ತಿ ಕಳಚಿ ಹುಲ್ಲಿನ ಮೇಲಿಟ್ಟ. ಗೇರು ನ್ಯೂಟ್ರಲಿಗೆ ತಂದು ಎಂಜಿನ್ ಶುರು ಮಾಡಿದ. "ಇಲ್ಲಿ ನೋಡಿ" ಎಂದು ಎಕ್ಸಲೇಟರ್ ತಿರುಗಿಸಿದ.

ಮೆಲ್ಲಗೆ ಓಡುವಾಗ ಪ್ಲಾಸ್ಟಿಕ್ ಲಂಗದ ಹಾಗೆ ಹಗುರವಾಗಿ ಅಲ್ಲಾಡುತ್ತಿತ್ತು. ಜೋರು ಕೊಟ್ಟ ಕೂಡಲೇ ಎಂಜಿನ್ ಅದನ್ನು ಒಳಕ್ಕೆ ಎಳೆದುಕೊಂಡಿತು. ಇಡೀ ಪ್ಲಾಸ್ಟಿಕ್ ಫಿಲ್ಟರಿಗೆ ಬಿಗಿಯಾಗಿ ಅಂಟಿ, ಒಂದು ಸಂದಿಯಿಲ್ಲದೆ ಮುಚ್ಚಿಕೊಂಡಿತು. ಎಂಜಿನ್ ಗೊರಗೊರ ಎಂದು ಕಪ್ಪು ಹೊಗೆ ಬಿಟ್ಟು ಸತ್ತಿತು. ಸತ್ತ ಕೂಡಲೇ ಪ್ಲಾಸ್ಟಿಕ್ ಪರ್ ಎಂದು ಬಿಟ್ಟುಕೊಂಡು, ಏನೂ ಆಗದ ಹಾಗೆ ಇಳಿಬಿತ್ತು.

ಸುರಕ್ಷಾ ನೋಡುತ್ತಲೇ ನಿಂತಳು. ಮನ್ವಿ ಎಳೆಕೂಸಾಗಿದ್ದಾಗ ಗಾಳಿ ತಾಗಬಾರದೆಂದು ತಾನು ಮತ್ತೆ ಮತ್ತೆ ಮುಖದವರೆಗೆ ಹೊದಿಸುತ್ತಿದ್ದದ್ದು, ಅತ್ತೆ ಬಂದು ಮಾತಿಲ್ಲದೆ ಗಲ್ಲದ ಕೆಳಗೆ ಸರಿಸಿ ಹೋಗುತ್ತಿದ್ದದ್ದು ನೆನಪಾಯಿತು.

"ನಾನೇ ಕಟ್ಟಿಸಿದ್ದು" ಎಂದಳು. "ನೀರು ಹೋಗ್ತದೆ ಅಂತ."

"ಕಟ್ಟಿದ್ದು ನಾನು" ಎಂದರು ಮಾಯಿಲಪ್ಪ. ಗಾಡಿ ನಿಂತ ಸದ್ದು ಕೇಳಿ ಅವರು ಕೊಡೆ ಹಿಡಿದು ಇಳಿದು ಬಂದಿದ್ದರು. "ಅವಳಿಗೆ ಎಂತ ಗೊತ್ತು. ಗಂಟು ನನ್ನದು."

"ಹೇಳಿದ್ದು ನಾನು ಮಾವ."

"ಗೌಡ್ರೆ, ನೀವಿಬ್ಬರೂ ಸೇರಿ ನನ್ನನ್ನು ಮರುಳು ಮಾಡಿದ್ರಿ" ಎಂದ ಫಯಾಝ್. ಈಗ ಅವನಿಗೆ ನಗು ಬಂದಿತ್ತು, ತಡೆಯಲಾಗಲಿಲ್ಲ. ಜೇಡಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ನಕ್ಕ. "ಎಷ್ಟು ಚಂದ ಕಟ್ಟಿದ್ದೀರಿ ಮಾರಾಯ್ರೆ. ಒಂದು ಹನಿ ನೀರು ಇಲ್ಲ. ಗಾಳಿಯೂ ಇಲ್ಲ."

"ಮರಕ್ಕೆ ಹೀಗೇ ಕಟ್ಟುದು" ಎಂದರು ಮಾಯಿಲಪ್ಪ, ಸ್ವಲ್ಪ ಬಿಗುವಿನಿಂದ.

"ಮರ ಅಷ್ಟು ಜೋರು ಉಸಿರು ಎಳಿಯುದಿಲ್ಲ ಗೌಡ್ರೆ."

ನಗು ಮುಗಿದ ಮೇಲೆ ಅವನು ಸುರಕ್ಷಾಳ ಕಡೆ ತಿರುಗಿದ. ಅವಳು ಹೆಲ್ಮೆಟಿನ ಪಟ್ಟಿಯನ್ನು ಸುರುಳಿ ಸುತ್ತುತ್ತಿದ್ದಳು.

"ಅಕ್ಕ, ನೀವು ಹೆದರಿದ್ದು ಸರಿಯೇ. ನೀರು ಹೋಗಿದ್ರೆ ಎಂಜಿನ್ನೇ ಹೋಗ್ತಿತ್ತು. ಅದು ನಾನು ಯೋಚನೆ ಮಾಡ್ಬೇಕಿತ್ತು, ಮಾಡ್ಲಿಲ್ಲ. ಮರಳಲ್ಲಿ ಇದ್ದವನು ನಾನು, ಮಳೆಯ ನೆನಪೇ ಆಗ್ಲಿಲ್ಲ. ಹುಟ್ಟಿದ್ದು ಕುಂಬ್ರದಲ್ಲಿ, ಮರೆತದ್ದು ಮಳೆಯನ್ನು. ಉಮ್ಮನಿಗೆ ಹೇಳಿದ್ರೆ ಮತ್ತೆ ಒಲೆಯ ಹತ್ತಿರ ಕೂರು ಅಂತಾರೆ."

ಆಮೇಲಿನದ್ದು ಅಡಿಗೆಮನೆಯಲ್ಲಿ ನಡೆಯಿತು. ಫಯಾಝಿಗೆ ತೂತು ತೂತು ಇರುವ ಗಟ್ಟಿ ಏನಾದರೂ ಬೇಕಿತ್ತು. ಲೋಲಾಕ್ಷಿ ಜರಡಿ ತೋರಿಸಿದರು, ಇಡ್ಲಿ ತಟ್ಟೆ ತೋರಿಸಿದರು. ಕೊನೆಗೆ ಈರುಳ್ಳಿ ತುಂಬಿಸಿಡುವ ಹಸಿರು ಬುಟ್ಟಿಯನ್ನು ಅವನೇ ಕಂಡು, "ಇದು ಕೊಡ್ತೀರಾ ಅಮ್ಮ?" ಎಂದು ಕೇಳಿದ. ಅವರು ಈರುಳ್ಳಿಯನ್ನು ಮೊರಕ್ಕೆ ಸುರಿದು ಬುಟ್ಟಿ ಕೊಟ್ಟರು. ಅದನ್ನು ಫಿಲ್ಟರಿನ ಮೇಲೆ ಬೋರಲು ಹಾಕಿ ತಂತಿಯಿಂದ ಬಿಗಿದ. ಪ್ಲಾಸ್ಟಿಕ್ಕನ್ನು ಬುಟ್ಟಿಯ ಮೇಲೆ ಮಾಡಿನ ಹಾಗೆ ಹೊದಿಸಿ, ಕೆಳಗೆ ನಾಲ್ಕು ಬೆರಳು ಗಾಳಿಗೆ ಬಿಟ್ಟು ಕಟ್ಟಲು ಮಾಯಿಲಪ್ಪನವರಿಗೇ ಹೇಳಿದ. "ಗಂಟು ನಿಮ್ಮದೇ ಇರಲಿ. ನನಗೆ ಅಷ್ಟು ಚಂದ ಬರುದಿಲ್ಲ."

ಲ್ಯಾಪ್‌ಟಾಪು ತೆರೆದು, ತಾನು ತಿದ್ದಿದ್ದನ್ನೆಲ್ಲ ಅಳಿಸಿ, 'ಆಲೆಟ್ಟಿ - ಒಂದು' ಎಂಬ ಮೊದಲಿನ ಲೆಕ್ಕವನ್ನೇ ಮತ್ತೆ ಹಾಕಿದ. ಅದನ್ನು ಹಾಕುವಾಗ ಅವನ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಬಂದು ಹೋಯಿತು. ಎರಡು ವಾರ ತನ್ನ ಕೈಯನ್ನೇ ಅನುಮಾನಿಸಿದವನಿಗೆ ಅಷ್ಟು ಸಲ್ಲಬೇಕಾದದ್ದೇ.

ಹಿಂಡಿಯ ಗೋಣಿ ಇರಲಿಲ್ಲ. ರಬ್ಬರ್ ಶೀಟುಗಳನ್ನು ಮನೆಯ ತಕ್ಕಡಿಯಲ್ಲಿ ಹದಿನೇಳು ಕಿಲೋ ತೂಗಿ ಗೋಣಿಗೆ ತುಂಬಿ ಹಿಂದೆ ಕಟ್ಟಿದರು. ಮಳೆ ಈಗ ಜೋರಾಗಿತ್ತು. ಅದೇ ಬೇಕು ಎಂದ ಫಯಾಝ್. ತಾನು ತಿರುವಿನಲ್ಲಿ, ಮಾಯಿಲಪ್ಪನವರ ಕೊಡೆಯಡಿ ನಿಂತ. ಸುರಕ್ಷಾ ನಾಲ್ಕು ಸಲ ಹತ್ತಿಸಿದಳು. ಮೀಟರನ್ನು ಹ್ಯಾಂಡಲಿಗೆ ಕಟ್ಟಿದ್ದರು. ನಾಲ್ಕು ಸಲವೂ ತಿರುವಿನಲ್ಲಿ ಮುಳ್ಳು ಹದಿಮೂರರ ಮೇಲೆ ನಿಂತಿತ್ತು. ಐದನೇ ಸಲ ಅವನು ಮೀಟರನ್ನು ಬಿಚ್ಚಿ ತೆಗೆದ.

"ಇನ್ನು ಇದು ಬೇಡ" ಎಂದ. "ನೋಡ್ತಾ ಇದ್ರೆ ನಿಮಗೆ ಇದರದ್ದೇ ಒಂದು ಯೋಚನೆ ಆಗ್ತದೆ."

ಅಷ್ಟು ಬೇಗ ತನ್ನನ್ನು ಅರ್ಥ ಮಾಡಿಕೊಂಡನಲ್ಲ ಎಂದು ಅವಳಿಗೆ ಸ್ವಲ್ಪ ನಾಚಿಕೆಯಾಯಿತು. ಹೊರಡುವಾಗ ಅವನು ಸೀಟಿನ ಒಳಬದಿಗೆ ಒಂದು ಚೀಟಿ ಅಂಟಿಸಿದ. ಏನು ಬರೆದಿದ್ದನೋ, ಅವನ ಅಕ್ಷರ, ಯಾರಿಗೂ ಓದಲಾಗಲಿಲ್ಲ. ಸಂಜೆ ಸಫೂರಾಳಿಗೆ ಫೋಟೊ ಕಳಿಸಿ ಕೇಳಬೇಕಾಯಿತು. "ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಬುಟ್ಟಿ ತೆಗೆಯಬೇಡಿ. ಈರುಳ್ಳಿಗೆ ಬೇರೆ ಬುಟ್ಟಿ ಕಳಿಸುತ್ತೇನೆ" ಎಂದಿತ್ತಂತೆ.

ಜೂನ್ ಒಂದರ ಮಧ್ಯಾಹ್ನ ಮೂರೂವರೆಗೆ ಶಾಲೆಯ ವ್ಯಾನು ನಿಂತಾಗ ಮಳೆ ಹನಿಯುತ್ತಿತ್ತು. ಸುರಕ್ಷಾ ಮನ್ವಿಗೆ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಬೆಲ್ಟು ಬಿಗಿದು, ಮತ್ತೊಮ್ಮೆ ಬೆಲ್ಟು ಎಳೆದು ನೋಡಿದಳು. ಮನ್ವಿ ಶಾಲೆಯ ಕಥೆ ಶುರು ಮಾಡಿದ್ದಳು. ಯಾರೋ ಅತ್ತದ್ದು, ಯಾರೋ ಚಪ್ಪಲಿ ಕಳಕೊಂಡದ್ದು, ಟೀಚರಿನ ಬಳೆ. ಸುರಕ್ಷಾ "ಆಮೇಲೆ?" ಎನ್ನುತ್ತ ಗಾಡಿ ಹತ್ತಿಸಿದಳು. ಚಪ್ಪಲಿ ಸಿಕ್ಕಿತೇ ಇಲ್ಲವೇ ಎಂದು ತಿಳಿಯುವ ಮೊದಲೇ ಅಂಗಳ ಬಂದುಬಿಟ್ಟಿತ್ತು.

ಅಂಗಳದಲ್ಲಿ ಲೋಲಾಕ್ಷಿ ಕೈ ಒರೆಸುತ್ತ ನಿಂತಿದ್ದರು. ಮಾಯಿಲಪ್ಪ ಆಗಲೇ ಸೀಟಿನ ಕಡೆ ನಡೆದಿದ್ದರು, ಪ್ಲಾಸ್ಟಿಕ್ ಸರಿ ಉಂಟೋ ಎಂದು ನೋಡಲು.

"ಅಜ್ಜಿ" ಎಂದಳು ಮನ್ವಿ ಇಳಿಯುತ್ತ, "ಅಮ್ಮ ಇವತ್ತು 'ಹೋಗು ಹೋಗು' ಹೇಳಲೇ ಇಲ್ಲ. ನಾನೇ ಹೇಳಿದೆ."

ಸುರಕ್ಷಾ ಹೆಲ್ಮೆಟ್ ತೆಗೆದು ಹಿಂದೆ ತಿರುಗಿ ನೋಡಿದಳು. ತಿರುವು ಕೆಳಗೆ, ರಬ್ಬರ್ ಮರಗಳ ಪ್ಲಾಸ್ಟಿಕ್ ಲಂಗಗಳ ಸಾಲಿನ ಆಚೆ, ಎಂದಿನಂತೆಯೇ ಇತ್ತು. ಒಳಗೆ ಹೋಗಿ ಮೊಳೆಯಿಂದ ಬೀಗದ ಕೈ ತೆಗೆದು, ನಾಳೆ ಸುಳ್ಯದಲ್ಲಿ ಹಿಂದಿರುಗಿಸಿ ಬರಲು ಉಲ್ಲಾಸನ ಬ್ಯಾಗಿನ ಜೇಬಿಗೆ ಹಾಕಿದಳು. ಆಮೇಲೆ ಕುಂಬ್ರಕ್ಕೆ ಫೋನು ಮಾಡಿದಳು.

"ಹತ್ತಿತಾ ಅಕ್ಕ?" ಎಂದ ಫಯಾಝ್. ಹಿಂದೆ ಯಾವುದೋ ಮದ್ದಿನ ಪಂಪು ಅಬ್ಬರಿಸುತ್ತಿತ್ತು.

"ಹತ್ತಿತು ಫಯಾಝಣ್ಣ. ತಿರುವು ಬಂದದ್ದು ನಾನು ನೋಡ್ಲೇ ಇಲ್ಲ."

ಅವನು ಪಂಪು ಆರಿಸಿದ. "ಸಫೂರಾ, ಪುಸ್ತಕದಲ್ಲಿ ಬರಿ" ಎಂದು ಕೂಗಿದ್ದು ಕೇಳಿಸಿತು. "ಆಲೆಟ್ಟಿ ಸರಿ ಆಯ್ತು. ಮತ್ತೆ ಅಕ್ಕ, ಒಂದನೇ ತಾರೀಕಲ್ವಾ ಇವತ್ತು. ಮಗುವಿನ ತೂಕ ಎಷ್ಟಾಯ್ತು?"